ಮಲೆನಾಡಿನಲ್ಲಿ ಜ್ವರ ಬಂದಾಗ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವುದು ಹೇಗೆ?

ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಂಚಿನ ಮನೆಗಳಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ ಬಂದು, ತಲೆನೋವು ಮತ್ತು ಮೈಕೈ ನೋವು ಕಾಣಿಸಿಕೊಂಡರೆ, ಬಿಸಿಲಿನ ಜ್ವರವಿರಬೇಕೆಂದು ಮನೆಯಲ್ಲೇ ದಿನ ಕಳೆಯಬಾರದು. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆಗಾಲದಲ್ಲಾದರೆ ಇಲಿ ಜ್ವರ, ಡೆಂಗಿಗಳ ಅನುಮಾನವೂ ಇರಬೇಕು. ಮೊದಲ ದಿನಗಳಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ, ಯಾವ ಪರೀಕ್ಷೆ ಮಾಡಿಸಬೇಕೆಂಬುದನ್ನು ವೈದ್ಯರು ನೀವು ಕೊಡುವ ವಿವರದಿಂದಲೇ ಊಹಿಸಬೇಕಾಗುತ್ತದೆ.

ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಡುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಜ್ವರ ಶುರುವಾದ ದಿನ, ಅದಕ್ಕೂ ಹಿಂದಿನ ಹತ್ತು ಹದಿನೈದು ದಿನಗಳಲ್ಲಿ ದರಗು, ಸೊಪ್ಪು, ಕಟ್ಟಿಗೆಗೆಂದು ಕಾಡಿಗೆ ಹೋದದ್ದು, ಸುತ್ತಮುತ್ತ ಮಂಗ ಸತ್ತದ್ದು, ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದ್ದು. ಸಕ್ಕರೆ ಕಾಯಿಲೆ, ಬಿಪಿಗೆ ನುಂಗುವ ಮಾತ್ರೆಗಳ ಜೊತೆಗೆ ಕುಡಿದ ಕಷಾಯ, ನಾಟಿ ಔಷಧಿಯ ಹೆಸರನ್ನೂ ಮುಚ್ಚಿಡದೆ ಸೇರಿಸಿ. ಬೈದಾರೆಂಬ ಸಂಕೋಚಕ್ಕೆ ಇದನ್ನು ಹೇಳದೆ ಬಿಡುವವರು ನಮ್ಮಲ್ಲಿ ಬಹಳ.

ನೋವಿನ ಮಾತ್ರೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬಾರದು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ, ಅದರ ಪ್ರಮಾಣವನ್ನೂ ಕೇಳಿಯೇ ತಿಳಿಯಬೇಕು. ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವ ಬದಲು, ‘ಇದು ಯಾವ ಜ್ವರ ಇರಬಹುದು, ಯಾವ ಪರೀಕ್ಷೆ ಬೇಕು, ಈ ಔಷಧಿ ಯಾತಕ್ಕೆ’ ಎಂದು ಕೇಳುವುದು ನಿಮ್ಮ ಹಕ್ಕು. ಇಲಿ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ. ಮಂಗನ ಕಾಯಿಲೆ ವೈರಾಣುವಿನದಾದ್ದರಿಂದ ಅದಕ್ಕೆ ನಿರ್ದಿಷ್ಟ ಔಷಧಿಯಿಲ್ಲ, ದ್ರವಾಂಶ ಕಾಯ್ದುಕೊಂಡು ರಕ್ತಸ್ರಾವದ ಮೇಲೆ ಕಣ್ಣಿಡುವ ಆರೈಕೆಯೇ ಚಿಕಿತ್ಸೆ. ಹೀಗಾಗಿ ‘ಮಂಗನ ಕಾಯಿಲೆ ಗುಣಪಡಿಸುವ ಔಷಧಿ’ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಮೂಗು, ಒಸಡಿನಿಂದ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮಳೆಗಾಲದ ರಾತ್ರಿಗಳಲ್ಲಿ ಘಟ್ಟದ ರಸ್ತೆಯ ಪ್ರಯಾಣ ಎಷ್ಟು ಕಷ್ಟವೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಒಂಟಿ ಮನೆಯವರು ಹಗಲಿರುವಾಗಲೇ ಹೊರಡುವುದು ಲೇಸು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ.

ಬಿಡುಗಡೆಯಾಗುವಾಗ ಡಿಸ್ಚಾರ್ಜ್ ಸಾರಾಂಶ, ರಕ್ತ ಪರೀಕ್ಷೆಯ ವರದಿಗಳನ್ನು ಕೇಳಿ ಪಡೆಯಿರಿ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಮತ್ತೆ ಮರುಕಳಿಸಿ, ತೀವ್ರ ತಲೆನೋವು, ಕೈನಡುಕ, ಗೊಂದಲ ಕಾಣಿಸಿಕೊಳ್ಳುತ್ತದೆ. ಆಗ ಅದೇ ಕಾಗದಗಳೊಂದಿಗೆ ಅಂದೇ ಆಸ್ಪತ್ರೆಗೆ ಮರಳಬೇಕು.