ಸ್ಕೌಟ್ ರ್ಯಾಂಕ್: ಯಾವುದಕ್ಕೆ ಸೈನ್ ಬೀಳತ್ತೆ, ಯಾವುದಕ್ಕೆ ಬೀಳಲ್ಲ

ಅಮೆರಿಕಾದಲ್ಲಿರೋ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳು ಐದನೇ ಕ್ಲಾಸ್ ಮುಗೀತಿದ್ದಂಗೇ ಸ್ಕೌಟ್ ಟ್ರೂಪ್ (ಸ್ಥಳೀಯ ಸ್ಕೌಟ್ ತಂಡ) ಸೇರ್ತಾರೆ, 2019ರಿಂದ ಹೆಣ್ಮಕ್ಕಳಿಗೂ ಅವಕಾಶ ಇದೆ. ಸೇರಿದ ಸ್ವಲ್ಪ ದಿನಕ್ಕೇ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಗೋಳು, ರ್ಯಾಂಕಿಗೆ ಬೇಕಾದ ಕೆಲಸ ಆಯ್ತು ಅಂತ ಪಕ್ಕದ ಟ್ರೂಪಲ್ಲಿ ಸೈನ್ ಹಾಕಿದ್ರಂತೆ ನಮ್ಮಲ್ಲಿ ಯಾಕೆ ಹಾಕ್ಲಿಲ್ಲ ಅಂತ.

ಮೊದಲು ರ್ಯಾಂಕಿನ ಏಣಿ ಯಾವುದು ಅಂತ ಗೊತ್ತಿರ್ಲಿ. ಸ್ಕೌಟ್, ಟೆಂಡರ್‌ಫುಟ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಸ್ಟಾರ್, ಲೈಫ್, ಕೊನೆಗೆ ಈಗಲ್. ಮೊದಲ ನಾಲ್ಕರ ಕೆಲಸ ಒಟ್ಟೊಟ್ಟಿಗೇ ಮಾಡ್ಕೊಂಡು ಹೋಗ್ಬಹುದು, ಆದ್ರೆ ರ್ಯಾಂಕ್ ಸಿಗೋದು ವರಸೆ ಪ್ರಕಾರಾನೇ. ಈಗಲ್‌ಗೆ ಬೇಕಾದ್ದೆಲ್ಲ 18 ತುಂಬೋದ್ರೊಳಗೆ ಮುಗೀಬೇಕು.

ಇನ್ನು ಮುಖ್ಯ ರೂಲು. ಸ್ಕೌಟ್ ಪುಸ್ತಕದಲ್ಲಿ ಏನು ಬರೆದಿದೆಯೋ ಅಷ್ಟೇ. ಟ್ರೂಪ್ ಆಗ್ಲಿ, ಟ್ರೂಪುಗಳನ್ನ ನೋಡ್ಕೊಳ್ಳೋ ಸ್ಥಳೀಯ ಕೌನ್ಸಿಲ್ ಆಗ್ಲಿ ಅದಕ್ಕೆ ಒಂದು ಸೇರಿಸೋ ಹಾಗೂ ಇಲ್ಲ ಒಂದು ಬಿಡೋ ಹಾಗೂ ಇಲ್ಲ, ರಾಷ್ಟ್ರೀಯ ಸಂಸ್ಥೆ ಸ್ಕೌಟಿಂಗ್ ಅಮೆರಿಕಾದ ಅಡ್ವಾನ್ಸ್‌ಮೆಂಟ್ ಗೈಡಲ್ಲೇ ಇದು ಸ್ಪಷ್ಟವಾಗಿದೆ. ಮಾಡಿ ತೋರಿಸು ಅಂತಿದ್ರೆ ಮಾಡೇ ತೋರಿಸ್ಬೇಕು, ಬಾಯಲ್ಲಿ ಹೇಳಿದ್ರೆ ಸಾಲ್ದು. ವಿವರಿಸು ಅಂತಷ್ಟೇ ಇದ್ರೆ ಹಗ್ಗ ತಂದು ಗಂಟು ಹಾಕು ಅಂತ ಕೇಳೋ ಹಾಗಿಲ್ಲ.

ಟೆಂಡರ್‌ಫುಟ್ ಫಿಟ್‌ನೆಸ್ ತಗೊಳ್ಳಿ, ಜಗಳ ಜಾಸ್ತಿ ಆಗೋದು ಇಲ್ಲೇ. ಪುಶ್-ಅಪ್, ಸಿಟ್-ಅಪ್, ಕೂತು ಕಾಲ್ಬೆರಳ ಕಡೆ ಬಗ್ಗೋದು, ಒಂದು ಮೈಲಿ ನಡಿಗೆ ಇಲ್ಲಾ ಓಟ, ಇವನ್ನ ಅಳೆದು ಬರ್ಕೊಂಡು 30 ದಿನ ಪ್ರಾಕ್ಟೀಸ್ ಮಾಡಿ ಆಮೇಲೆ ಮತ್ತೆ ಅಳೀಬೇಕು. ಕೇಳಿರೋದು ಎಷ್ಟಾದ್ರೂ ಸರಿ, ಸುಧಾರಣೆ ಅಷ್ಟೇ. 4 ಪುಶ್-ಅಪ್ ಮಾಡ್ತಿದ್ದ ಹುಡುಗ 5 ಮಾಡಿದ್ರೆ ಆಯ್ತು, "10 ಆದ್ರೂ ಮಾಡಪ್ಪ" ಅನ್ನೋಕೆ ಯಾರಿಗೂ ಹಕ್ಕಿಲ್ಲ. ಆದ್ರೆ ನಾಲ್ಕರಲ್ಲೂ ಸುಧಾರಿಸಿರ್ಬೇಕು, ಮೂರು ಚೆನ್ನಾಗಾಯ್ತು ಒಂದು ಬಿಡಿ ಸಾರ್ ಅನ್ನೋದು ನಡೆಯಲ್ಲ. ಹಾಗಾಗಿ ಮೊದಲ ದಿನದ ಅಂಕಿ ಬರ್ದಿಡೋದು ಮರೀಬೇಡಿ, ಅದಿಲ್ದೆ ಹೋಲಿಸೋದು ಯಾವುದರ ಜೊತೆ?

ಕ್ಯಾಂಪಿಂಗ್ ಮೆರಿಟ್ ಬ್ಯಾಡ್ಜ್ (ಒಂದೊಂದು ವಿಷಯ ಕಲಿತಿದ್ದಕ್ಕೆ ಕೊಡೋ ಬ್ಯಾಡ್ಜ್) ಇದೆಯಲ್ಲ, ಅದರದೂ ಇದೇ ಕಥೆ. 20 ರಾತ್ರಿ ಬೇಕು, ಸ್ಕೌಟಿಂಗ್ ಕ್ಯಾಂಪಲ್ಲೇ ಆಗಿರ್ಬೇಕು, ಟೆಂಟಲ್ಲಿ ಇಲ್ಲಾ ಬಯಲಲ್ಲಿ ಮಲಗಿರ್ಬೇಕು. ಕ್ಯಾಬಿನ್ ಒಳಗೆ ಹೀಟರ್ ಹಾಕ್ಕೊಂಡು ಮಲಗಿದ ರಾತ್ರಿ ಲೆಕ್ಕಕ್ಕಿಲ್ಲ, ನಿಮ್ಮ ಫ್ಯಾಮಿಲಿ ಜೊತೆ ಯೋಸೆಮಿಟಿಗೆ ಹೋಗಿದ್ದೂ ಇಲ್ಲ. ವಾರಗಟ್ಟಲೆ ಸಮ್ಮರ್ ಕ್ಯಾಂಪ್ ಎಷ್ಟು ಮಾಡಿದ್ರೂ ಒಂದೇ ಕ್ಯಾಂಪಿಂದ 6 ರಾತ್ರಿ ತನಕ ಮಾತ್ರ. ಟ್ರೂಪ್ ಕ್ಯಾಂಪಲ್ಲಿ ಟೆಂಟಲ್ಲಿ ಮಲಗಿದ ಒಂದೇ ರಾತ್ರಿ ರ್ಯಾಂಕಿಗೂ ಬ್ಯಾಡ್ಜಿಗೂ ಎರಡಕ್ಕೂ ಸೇರತ್ತೆ, ಇದನ್ನ ಎಷ್ಟೋ ಪೇರೆಂಟ್ಸ್ ಕೇಳೋದೇ ಇಲ್ಲ, ಕೇಳಿ.

ಅಡುಗೆ ಬಗ್ಗೆ ಹೆದರ್ಕೋಬೇಡಿ. ಫಸ್ಟ್ ಕ್ಲಾಸ್‌ಗೆ ಒಂದು ಕ್ಯಾಂಪಲ್ಲಿ ಕುಕ್ ಆಗಿ ಬೆಳಗ್ಗೆ ಮಧ್ಯಾಹ್ನ ರಾತ್ರಿ ಮೂರೂ ಹೊತ್ತಿನ ಊಟ ನೋಡ್ಕೋಬೇಕು, ಅದರಲ್ಲಿ ಎರಡಾದ್ರೂ ಬೇಯಿಸಿದ್ದಿರ್ಬೇಕು. ಬೇಕನ್ (ಹಂದಿ ಮಾಂಸ) ಆಗ್ಬೇಕು ಅಂತೇನಿಲ್ಲ, ಉಪ್ಪಿಟ್ಟು ಮಾಡ್ಲಿ. ಆದ್ರೆ ಮೆನು ಪ್ಲಾನಲ್ಲಿ ಮಗು ಕೈ ಜೋಡಿಸಿರ್ಬೇಕು, ಸಾಮಾನಿನ ಪಟ್ಟಿ, ಖರ್ಚಿನ ಲೆಕ್ಕ ಮಗುವೇ ಮಾಡ್ಬೇಕು, ಅಮ್ಮ ಡಬ್ಬಿಯಲ್ಲಿ ಒಗ್ಗರಣೆ ಹಾಕಿ ಕಳ್ಸಿದ್ರೆ ಸೈನ್ ಕೊಡದೇ ಇರೋದು ನ್ಯಾಯಾನೇ!

ಟ್ರೂಪಿಗೆ ಸ್ವಂತ ಬುದ್ಧಿ ಓಡ್ಸೋಕೆ ಜಾಗ ಇರೋದು ಮೇಲಿನ ರ್ಯಾಂಕುಗಳಲ್ಲಿ. ಸ್ಟಾರ್‌ಗೆ 4 ತಿಂಗಳು, ಲೈಫ್‌ಗೆ 6, ಈಗಲ್‌ಗೆ 6 ತಿಂಗಳು ಆಕ್ಟಿವ್ ಆಗಿರ್ಬೇಕು, ಅಷ್ಟೇ ಕಾಲ ಒಂದು ಜವಾಬ್ದಾರಿ ಹುದ್ದೆ ಬೇರೆ. ಆಕ್ಟಿವ್ ಅಂದ್ರೆ ಎಷ್ಟು ಮೀಟಿಂಗ್ ಅಂತ ಟ್ರೂಪ್ ತೀರ್ಮಾನಿಸ್ಬಹುದು, ಆದ್ರೆ ಅದು ನ್ಯಾಯವಾಗಿರ್ಬೇಕು ಮತ್ತೆ ಮೊದಲೇ ಹೇಳಿರ್ಬೇಕು. ಮಗಳು ಅರಂಗೇಟ್ರಂ ಪ್ರಾಕ್ಟೀಸಿಗೆ ಅಂತ ಮೀಟಿಂಗ್ ತಪ್ಪಿಸಿದ್ರೆ ಕಾರಣ ಹೇಳೋಕೆ ಅವಳಿಗೆ ಅವಕಾಶ ಕೊಡ್ಬೇಕು. ಹುದ್ದೆ ವಿಷಯದಲ್ಲಿ ಹುಷಾರು, ಅಸಿಸ್ಟೆಂಟ್ ಪ್ಯಾಟ್ರೋಲ್ ಲೀಡರ್ (ಟ್ರೂಪಿನೊಳಗಿನ ಚಿಕ್ಕ ಗುಂಪಿನ ಉಪನಾಯಕ) ಆಗಿದ್ದು ಕೌಂಟ್ ಆಗಲ್ಲ. ಬ್ಯೂಗ್ಲರ್ (ಕಹಳೆ ಊದೋ ಹುದ್ದೆ) ಸ್ಟಾರ್, ಲೈಫ್‌ಗೆ ನಡೆಯತ್ತೆ, ಈಗಲ್‌ಗೆ ಇಲ್ಲ. ಒಪ್ಕೊಳ್ಳೋಕೆ ಮುಂಚೆ ಪಟ್ಟಿ ನೋಡಿ.

ಮೆರಿಟ್ ಬ್ಯಾಡ್ಜ್‌ಗೆ ಸೈನ್ ಹಾಕೋದು ಕೌನ್ಸಿಲ್ ಒಪ್ಪಿದ ಕೌನ್ಸೆಲರ್ (ಆ ವಿಷಯ ಹೇಳ್ಕೊಟ್ಟು ನೋಡೋ ದೊಡ್ಡವರು). ಅರ್ಧ ಆಗಿದ್ರೆ ಅಲ್ಲೀವರೆಗಿಂದು ಬ್ಲೂ ಕಾರ್ಡಲ್ಲಿ (ಬ್ಯಾಡ್ಜಿನ ದಾಖಲೆ ಕಾರ್ಡ್) ಬರೆಸ್ಕೊಳ್ಳಿ, ಅದಕ್ಕೆ 18 ವರ್ಷದ ತನಕ ಎಕ್ಸ್‌ಪೈರಿ ಇಲ್ಲ, ಟ್ರೂಪ್ ತಾನೇ ಡೇಟ್ ಹಾಕೋ ಹಾಗೂ ಇಲ್ಲ. ಕಾರ್ಡಿಂದು ಫೋಟೋ ತೆಗೆದಿಟ್ಕೊಂಡ್ರೆ ಒಳ್ಳೇದು, ಈಗಲ್‌ಗೆ 21 ಬ್ಯಾಡ್ಜ್ ಬೇಕಲ್ಲ, ಆ ಹೊತ್ತಿಗೆ ಎಲ್ಲಾ ಕಾರ್ಡ್ ಮನೇಲಿ ಸಿಗೋದು ಅಷ್ಟ್ರಲ್ಲೇ ಇದೆ. ಈಗಲ್‌ಗೆ ಮಾಡೋ ಸೇವಾ ಪ್ರಾಜೆಕ್ಟಿಗೂ ಇಷ್ಟೇ ಗಂಟೆ ಆಗ್ಬೇಕು ಅಂತ ಮಿನಿಮಮ್ ಇಲ್ಲ. 100 ಗಂಟೆ ಅಂತ ಯಾರಾದ್ರೂ ಹೇಳಿದ್ರೆ ಎಲ್ಲಿ ಬರೆದಿದೆ ತೋರ್ಸಿ ಅಂತ ವಿನಯವಾಗೇ ಕೇಳಿ.

ಸಾಮಾನ್ಯವಾಗಿ ಎಲ್ಲ ಸೈನ್ ಆದ್ಮೇಲೆ ಸ್ಕೌಟ್‌ಮಾಸ್ಟರ್ (ಟ್ರೂಪಿನ ಮುಖ್ಯಸ್ಥರು) ಜೊತೆ ಒಂದು ಮಾತುಕತೆ, ಅದು ಪರೀಕ್ಷೆ ಅಲ್ಲ, ಕೂತು ಮಾತಾಡಿದ್ರೆ ಆಯ್ತು. ಆಮೇಲೆ, ಸ್ಕೌಟ್ ರ್ಯಾಂಕ್ ಒಂದು ಬಿಟ್ಟು, ಬೋರ್ಡ್ ಆಫ್ ರಿವ್ಯೂ (ರ್ಯಾಂಕ್ ಕೊಡೋಕೆ ಮುಂಚಿನ ಪರಿಶೀಲನಾ ಸಮಿತಿ), ಮೂರರಿಂದ ಆರು ಜನ ಕೂರ್ತಾರೆ, ಸ್ಕೌಟ್‌ಮಾಸ್ಟರ್, ಅಸಿಸ್ಟೆಂಟ್, ಮಗುವಿನ ಅಪ್ಪ ಅಮ್ಮ ಅದರಲ್ಲಿ ಕೂರೋ ಹಾಗಿಲ್ಲ. ಬೌಲೈನ್ ಗಂಟು ಮತ್ತೆ ಹಾಕಿ ತೋರ್ಸು ಅಂತ ಬೋರ್ಡಿನವರು ರೀಟೆಸ್ಟ್ ಮಾಡೋಕಾಗಲ್ಲ, ಸೈನ್ ಆಗಿದ್ದು ಆಗಿಹೋಯ್ತು. ಪಾಸ್ ಮಾಡ್ಲಿಲ್ಲ ಅಂದ್ರೆ ಏನು ಕಮ್ಮಿ ಆಯ್ತು, ಮುಂದೆ ಏನು ಮಾಡ್ಬೇಕು ಅಂತ ಬರೆದು ಕೊಡ್ಬೇಕು, ಒಪ್ಪಿಗೆ ಆಗ್ಲಿಲ್ವಾ, ಅಪೀಲ್ ಹೋಗ್ಬಹುದು.