ಅವಧಾನದಲ್ಲಿ ನಾನು ನೆನಪಿಡುವುದು ಎಷ್ಟು ಕಡಿಮೆ

ಎಂಟು ಜನ ಒಡ್ಡುವ ಸವಾಲುಗಳಿಗೆ ಒಬ್ಬನೇ, ಏನನ್ನೂ ಬರೆದುಕೊಳ್ಳದೆ, ಪದ್ಯ ಕಟ್ಟುತ್ತಾ ಉತ್ತರಿಸುವ ಕಲೆ ಅಷ್ಟಾವಧಾನ. ಅದನ್ನು ನೋಡಿದವರು "ಅಬ್ಬಾ, ಎಂಥ ನೆನಪಿನ ಶಕ್ತಿ!" ಅಂತಾರೆ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯರ ನಡುವೆ ಅಭ್ಯಾಸ ಮಾಡುವ ಸಣ್ಣ ಅವಧಾನಿ. ಹಾಲು ತಾ ಅಂದರೆ ಮೊಸರು ತರುವಷ್ಟು ನೆನಪು ನನ್ನದು.

ಮನಸ್ಸು ಒಂದೇ ಹೊತ್ತಿಗೆ ಹಿಡಿದಿಡುವುದು ಸುಮಾರು ನಾಲ್ಕು ಸಂಗತಿ ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಎದುರಿಗೆ ಕೂತು ಪ್ರಶ್ನೆ ಹಾಕುವ ಪೃಚ್ಛಕರು ಎಂಟು ಜನ. ಲೆಕ್ಕ ಹೊಂದಲ್ಲ, ಅಲ್ವಾ? ಹಾಗಾಗಿ ನೆನಪಿಡಬೇಕಾದ್ದನ್ನೇ ಆದಷ್ಟು ಇಳಿಸಿಕೊಳ್ಳುತ್ತೇನೆ.

ಸಂಖ್ಯಾಬಂಧ ಇದರಲ್ಲಿ ಸುಲಭ. 25 ಮನೆಗಳ ಮಾಯಾಚೌಕ, ಅಡ್ಡ, ಉದ್ದ, ಓರೆ ಯಾವ ಸಾಲು ಕೂಡಿದರೂ ಮೊತ್ತ 115 ಆಗಬೇಕು ಅಂತಾರೆ. ಮೊತ್ತ 65 ಬರುವ ಚೌಕ ನನಗೆ ಬಾಯಿಪಾಠ. ಉಳಿದ 50ನ್ನು ಐದು ಮನೆಗೆ ಹಂಚಿದರೆ ತಲಾ 10. ಮೊದಲ ಸಾಲಿನ 17, 24, 1, 8, 15 ಹೋಗಿ 27, 34, 11, 18, 25 ಆಗುತ್ತದೆ. ಯಾವ ಮನೆ ಯಾವಾಗ ಕೇಳಿದರೂ ತಲೆಯಲ್ಲಿ ಇರಬೇಕಾದ್ದು ಆ ಹತ್ತು ಮಾತ್ರ.

ನಿಷೇಧಾಕ್ಷರಿ ಹಾಗಲ್ಲ. ನಾನು ಒಂದಕ್ಷರ ಹೇಳಿದರೆ, ಮುಂದೆ ಯಾವುದು ಬಂದೀತು ಅಂತ ಊಹಿಸಿ ಪೃಚ್ಛಕರು ಅದನ್ನೇ ತಡೆಯುತ್ತಾರೆ. ವಿಷಯ ಕಾವೇರಿ ಅಂದುಕೊಳ್ಳಿ. "ಕಾ" ಅಂದೆ. "ವಕಾರ ಬೇಡ" ಅಂದರು. ಅದು ಗೊತ್ತಿದ್ದದ್ದೇ. ಪೂರ್ತಿ ಸಾಲು ಕಟ್ಟಿಕೊಂಡು ಕೂತಿದ್ದರೆ ಅಲ್ಲಿಗೇ ಎಲ್ಲ ಹೋಯಿತು. ನಾನು ಅರ್ಥ ಮಾತ್ರ ಹಿಡಿದಿರುತ್ತೇನೆ, ನದಿ ಬೆಟ್ಟದಿಂದ ಇಳಿದು ಬಂತು ಅಂತ. ಅದಕ್ಕೆ ಹೋಗುವ ಎರಡು ಮೂರು ದಾರಿ ತೆರೆದಿರುತ್ತವೆ. "ಡಿಂ" ಅಂದೆ. ಕಾಡಿಂ! ಕಂದಪದ್ಯದ ನಾಲ್ಕು ಮಾತ್ರೆಯ ಗಣ ತುಂಬಿತು, ಆದಿಪ್ರಾಸವೂ ನಿಂತಿತು. ಇನ್ನು ಮೂರು ಸಾಲಲ್ಲೂ ಎರಡನೇ ಅಕ್ಷರ ಡಕಾರವೇ, ಅದರ ಹಿಂದೆ ಗುರುವೇ. ನಾಡಂ, ಕೂಡುವ, ಹಾಡಂ... ಸಾವಿರ ಪದಗಳ ಅನುಮಾನ ಬೆರಳೆಣಿಕೆಗೆ ಇಳಿಯಿತು. ಛಂದಸ್ಸು ಕಟ್ಟಿಹಾಕುತ್ತದೆ ಅನ್ನುವವರು ಒಮ್ಮೆ ಇಲ್ಲಿ ಕೂತು ನೋಡಬೇಕು.

ಅಷ್ಟರಲ್ಲಿ ಅಪ್ರಸ್ತುತ ಪ್ರಸಂಗದವರು, ಅಂದರೆ ಸಂಬಂಧವಿಲ್ಲದ ಪ್ರಶ್ನೆ ಹಾಕಿ ಗಮನ ಕೆಡಿಸುವ ಪೃಚ್ಛಕರು: "ಅವಧಾನಿಗಳೇ, ಕನ್ನಂಬಾಡಿ ಕಟ್ಟೆ ತುಂಬಿದೆ, ನಮ್ಮನೆ ನಲ್ಲೀಲಿ ನೀರೇ ಇಲ್ವಲ್ಲ?" "ಮಂಡ್ಯದ ಗದ್ದೆ ನೋಡ್ಕೊಂಡು ಬರ್ತಿದೆ ಸ್ವಾಮಿ, ಕಾಯಿರಿ." ಜನ ನಕ್ಕರು, ನನ್ನ ಅಕ್ಷರ ಹಾರಿತು. 1959ರಲ್ಲಿ ಅಮೆರಿಕದ ಪೀಟರ್ಸನ್ ದಂಪತಿ ಇದನ್ನೇ ಪರೀಕ್ಷೆ ಮಾಡಿದ್ದರು. ಮೂರು ವ್ಯಂಜನ ಹೇಳಿಕೊಟ್ಟು, ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಿ ಅಂದರು. 18 ಸೆಕೆಂಡಿಗೆ ಹೆಚ್ಚುಕಡಿಮೆ ಎಲ್ಲ ಮರೆತಿತ್ತು. ಆದ್ದರಿಂದ ಉತ್ತರಿಸುವ ಮೊದಲು ಪ್ರಾಸದ ಪದವನ್ನು ಮನಸ್ಸಲ್ಲೇ ಒಮ್ಮೆ ಹೇಳಿಕೊಳ್ಳುತ್ತೇನೆ. ಅದು ಸಿಕ್ಕರೆ ಸಾಲು ಸಿಗುತ್ತದೆ. ಕೊನೆಯ ಧಾರಣೆಯಲ್ಲಿ, ಅಂದರೆ ಕಟ್ಟಿದ ಪದ್ಯಗಳನ್ನೆಲ್ಲ ನೆನಪಿನಿಂದ ಒಪ್ಪಿಸುವಾಗಲೂ, ಇದೇ ದಾರಿ.

ಕೊಟ್ಟ ಪದಗಳನ್ನೆಲ್ಲ ಪದ್ಯದಲ್ಲಿ ತರಬೇಕಾದ ದತ್ತಪದಿಗೆ ಮಾತ್ರ ಇದು ಸಾಲದು. ಕೊಟ್ಟ ನಾಲ್ಕು ಪದಗಳಿಗೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ದೋಸೆ, ಕೋಟು, ಬಸ್ಸು, ಜ್ವರ ಕೊಟ್ಟರೆ, ಜ್ವರ ಬಂದವನು ಕೋಟು ಹಾಕಿಕೊಂಡು ಬಸ್ಸಲ್ಲಿ ದೋಸೆ ತಿಂದ ಅಂತ ತಕ್ಷಣ ಜೋಡಿಸಿಬಿಡುತ್ತೇನೆ. ಪದ್ಯದ ವಸ್ತು ಸೀತಾಸ್ವಯಂವರ ಆಗಿದ್ದರೂ ಸರಿ, ಆ ದೋಸೆಯವನನ್ನು ಕೊನೇತನಕ ಬಸ್ಸಿಂದ ಇಳಿಸುವುದಿಲ್ಲ.