ಇಬ್ಬರಿಗೂ ಒಂದೇ ಶಾಲೆ: ನಾವು ಲೆಕ್ಕ ಹಾಕಿದ್ದು ಹೀಗೆ

ನಾನು ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಮನೆಯವರು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮಷಿನ್ ಆಪರೇಟರ್. ಅವರ ಸಂಬಳ ಕೈಗೆ 24,000 ಬರುತ್ತದೆ. ನನ್ನದು ಮದುವೆ ಸೀಸನ್‌ನಲ್ಲಿ 15,000 ದಾಟುತ್ತದೆ, ಆಷಾಢದಲ್ಲಿ 3,000 ಆದರೆ ಹೆಚ್ಚು. ಮನೆಯಲ್ಲಿ ಅತ್ತೆ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ. ಮಗಳು ದೊಡ್ಡವಳು, ಮಗ ಅವಳಿಗಿಂತ ಮೂರು ವರ್ಷ ಚಿಕ್ಕವನು.

2022ರಲ್ಲಿ ಮಗಳನ್ನು ಎಲ್‌ಕೆಜಿಗೆ ಸೇರಿಸುವಾಗ ನಾವು ಕೇಳಿದ್ದು ಒಂದೇ ಪ್ರಶ್ನೆ, ಫೀ ಎಷ್ಟು ಅಂತ. 32,000 ಅಂದರು. ಹೇಗೋ ಹೊಂದಿಸೋಣ ಅಂದುಕೊಂಡೆವು. ಸೀಟು ಆದಮೇಲೆ ಪುಸ್ತಕ, ಯೂನಿಫಾರ್ಮ್, ಶೂ, ಬೆಲ್ಟ್ ಅಂತ 7,500 ಆಯಿತು. ಎಲ್ಲವನ್ನೂ ಶಾಲೆಯಲ್ಲೇ ಕೊಳ್ಳಬೇಕಿತ್ತು. ವ್ಯಾನ್‌ಗೆ ತಿಂಗಳಿಗೆ 1,200, ಹತ್ತು ತಿಂಗಳಿಗೆ 12,000. ಒಟ್ಟು 51,500. ನನ್ನ ಎರಡು ಬಳೆ ಅಡವಿಟ್ಟೆವು. ಒಂದು ವರ್ಷ ಬರೀ ಬಡ್ಡಿ ಕಟ್ಟಿದೆವು, ಅಸಲು ತೀರಲೇ ಇಲ್ಲ. ಅಷ್ಟರಲ್ಲಿ ಯುಕೆಜಿ ಬಂತು, ಫೀ 35,200 ಆಯಿತು.

ಆಗ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ. ವರ್ಷಕ್ಕೆ ನೂರಕ್ಕೆ ಹತ್ತು ಏರಿದೆ. ಹೀಗೇ ಏರಿದರೆ ಹತ್ತನೇ ತರಗತಿ ಹೊತ್ತಿಗೆ ಎಷ್ಟಾಗುತ್ತದೆ ಅಂತ ಒಂದೊಂದೇ ವರ್ಷ ಕೆಳಗೆ ಬರೆಯುತ್ತಾ ಹೋದೆ. 91,000ಕ್ಕೆ ಬಂದು ನಿಂತಿತು, ಅದೂ ಪುಸ್ತಕ, ವ್ಯಾನ್ ಬಿಟ್ಟು. ಮಗನೂ ಅದೇ ಶಾಲೆಯಲ್ಲಿದ್ದರೆ ಆ ಒಂದು ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಮೇಲೆ. ನಮ್ಮ ಮನೆಯವರ ಸಂಬಳ ವರ್ಷಕ್ಕೆ ಸಾವಿರ ಏರಿದರೆ ಅದೇ ದೊಡ್ಡದು. ಈ ಲೆಕ್ಕವನ್ನು ಎಲ್‌ಕೆಜಿಗಿಂತ ಮೊದಲೇ ಮಾಡಬೇಕಿತ್ತು. ಈಗ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಇದನ್ನೇ ಬರೆಸುತ್ತೇನೆ: ಹತ್ತನೇ ತರಗತಿಯವರೆಗೂ ಲೆಕ್ಕ ಹಾಕಿ, ಎಲ್ಲ ಮಕ್ಕಳದೂ ಸೇರಿಸಿ ಹಾಕಿ.

ನೋಟ್‌ಬುಕ್ ನೋಡಿ ಅತ್ತೆ ಹೇಳಿದರು, "ಅವಳನ್ನ ಸರ್ಕಾರಿ ಶಾಲೆಗೆ ಹಾಕಮ್ಮ. ಮಗನ್ನ ಇಲ್ಲೇ ಓದಿಸಿದ್ರಾಯ್ತು." ಅವರದು ಕೆಟ್ಟ ಮನಸ್ಸಲ್ಲ. ಅವರ ಕಾಲದಲ್ಲಿ ಹಾಗೇ ನಡೆದಿತ್ತು. ನಮ್ಮ ಬೀದಿಯಲ್ಲೇ ಎರಡು ಮನೆಗಳಲ್ಲಿ ಈಗಲೂ ಹಾಗೇ ಇದೆ, ಹುಡುಗ ವ್ಯಾನ್ ಹತ್ತುತ್ತಾನೆ, ಅಕ್ಕ ನಡೆದು ಹೋಗುತ್ತಾಳೆ. ನನಗೆ ಅದು ಆಗುವುದೇ ಇಲ್ಲ. ನನ್ನ ತಮ್ಮನನ್ನು ಓದಿಸಲು ನನ್ನ ಓದನ್ನು ಎಸ್‌ಎಸ್‌ಎಲ್‌ಸಿಗೆ ನಿಲ್ಲಿಸಿದ್ದರು. ಅದಕ್ಕೇ ಅವತ್ತೇ ಹೇಳಿಬಿಟ್ಟೆ: "ಸರ್ಕಾರಿ ಶಾಲೆ ಆದರೆ ಇಬ್ಬರಿಗೂ ಸರ್ಕಾರಿ ಶಾಲೆ. ಖಾಸಗಿ ಆದರೆ ಇಬ್ಬರಿಗೂ ಖಾಸಗಿ." ನಮ್ಮ ಮನೆಯವರು ಹೂಂ ಅಂದರು. ಅಲ್ಲಿಂದ ಮುಂದೆ ಹುಡುಕುವುದು ಸುಲಭವಾಯಿತು. ಇಬ್ಬರಿಗೂ ಹತ್ತನೆಯವರೆಗೆ ಕಟ್ಟಲು ಆಗದ ಶಾಲೆಗಳೆಲ್ಲ ಪಟ್ಟಿಯಿಂದ ಹೋದವು.

ಮೊದಲು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟು, ವಿಚಾರಿಸಿದೆ. ಪಕ್ಕದ ಮನೆಯ ಹುಡುಗ 2016ರಲ್ಲಿ ಆ ಸೀಟಿನಲ್ಲೇ ಒಂದನೇ ತರಗತಿಗೆ ಸೇರಿದ್ದ. ಆದರೆ 2019ರಿಂದ ನಮ್ಮ ರಾಜ್ಯದಲ್ಲಿ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಊರೊಳಗೆ ಸರ್ಕಾರಿ ಶಾಲೆ ಇಲ್ಲದ ಕಡೆ ಎಲ್ಲಿದೆ ಹೇಳಿ? ಇನ್ನೊಂದು ಮಾತು. ಆರ್‌ಟಿಇ ಎಂಟನೇ ತರಗತಿವರೆಗೆ ಮಾತ್ರ. ಆ ಹುಡುಗ 2024ರಲ್ಲಿ ಒಂಬತ್ತಕ್ಕೆ ಬಂದಾಗ ಅವರಮ್ಮ ಪೂರ್ತಿ ಫೀ ಹೊಂದಿಸಲು ಓಡಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಸರ್ಕಾರಿ ಶಾಲೆಗೂ ಹೋಗಿ ಬಂದೆವು, ಸುಮ್ನೆ ನೆಪಕ್ಕಲ್ಲ. ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಇದೆ. ಅಲ್ಲಿನ ಮೇಡಂ ನಮ್ಮ ಹಿಂದಿನ ಶಾಲೆಯ ಯಾವ ಟೀಚರ್‌ಗೂ ಕಮ್ಮಿ ಇರಲಿಲ್ಲ. ಆದರೆ ಒಂದರಿಂದ ಐದಕ್ಕೆ ಸೇರಿ ಇದ್ದದ್ದು ಇಬ್ಬರೇ ಟೀಚರ್‌ಗಳು. ಅಲ್ಲಿನ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿ ಒಟ್ಟಿಗೇ ಕೂರುತ್ತವೆ. ಒಬ್ಬರು ಗಣತಿಗೋ ತರಬೇತಿಗೋ ಹೋದರೆ ಉಳಿದವರು ಎಲ್ಲ ತರಗತಿ ನೋಡಿಕೊಳ್ಳಬೇಕು. ಎಲ್‌ಕೆಜಿ ಇರಲಿಲ್ಲ, ಐದರ ನಂತರ ಮತ್ತೆ ಬೇರೆ ಶಾಲೆ. ನಮ್ಮ ಅಕ್ಕನ ಊರಲ್ಲಿರುವ ಹಾಗೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಇರುವ ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರ ಇದ್ದಿದ್ದರೆ ಇಬ್ಬರನ್ನೂ ಅಲ್ಲಿಗೇ ಹಾಕುತ್ತಿದ್ದೆವು. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಉಳಿದದ್ದು ಸಣ್ಣ ಖಾಸಗಿ ಶಾಲೆಗಳು. ನಾಲ್ಕು ನೋಡಿದೆವು. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆ. ಅಲ್ಲಿ ಬರುವ ತಾಯಂದಿರು ಹೇಳುವಷ್ಟು ನಿಜ ಆಫೀಸಿನಲ್ಲಿ ಸಿಗುವುದಿಲ್ಲ. ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ, ಮಧ್ಯದಲ್ಲಿ ಬೇರೆ ಬೇರೆ ಹೆಸರಲ್ಲಿ ದುಡ್ಡು ಕೇಳುತ್ತಾರಾ, ಫೀ ತಡವಾದರೆ ಮಗುವನ್ನು ಎಲ್ಲರೆದುರು ನಿಲ್ಲಿಸುತ್ತಾರಾ ಅಂತ ಕೇಳಿದೆ. ಈ ಕೊನೆಯದಕ್ಕೆ ಒಂದು ಶಾಲೆಯ ಬಗ್ಗೆ ಮೂವರು ಹೌದು ಅಂದರು. ಅದನ್ನು ಅಲ್ಲಿಗೇ ಬಿಟ್ಟೆವು.

ಇನ್ನೊಂದು ಶಾಲೆಯ ಬೋರ್ಡಿನಲ್ಲಿ ಸೆಂಟ್ರಲ್ ಸಿಲಬಸ್ ಅಂತ ಇತ್ತು. ಮಾನ್ಯತೆ ಪತ್ರ ಕೇಳಿದರೆ ಬರುತ್ತದೆ ಅಂದರು. ಸಿಬಿಎಸ್‌ಇ ವೆಬ್‌ಸೈಟಿನ ಶಾಲೆಗಳ ಪಟ್ಟಿಯಲ್ಲಿ ಹೆಸರಿರಲಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಯಾದರೂ ಎಷ್ಟನೇ ತರಗತಿವರೆಗೆ ಮಾನ್ಯತೆ ಇದೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ ಬನ್ನಿ. ಎಂಟರವರೆಗೆ ಇಟ್ಟುಕೊಂಡು ಎಸ್‌ಎಸ್‌ಎಲ್‌ಸಿಯನ್ನು ಬೇರೆ ಶಾಲೆಯ ಹೆಸರಲ್ಲಿ ಬರೆಸುವವರೂ ಇದ್ದಾರೆ.

ಕೊನೆಗೆ ಒಪ್ಪಿದ್ದು ಮನೆಯಿಂದ ಹದಿನೈದು ನಿಮಿಷ ನಡೆಯುವ ದೂರದ, ಹತ್ತನೆಯವರೆಗೆ ಇರುವ ಶಾಲೆ. ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಈಜುಕೊಳ ಇಲ್ಲ, ಸ್ಮಾರ್ಟ್ ಕ್ಲಾಸ್ ಇಲ್ಲ. ಮೂರನೇ ತರಗತಿ ಮಕ್ಕಳ ನೋಟ್‌ಬುಕ್ ತೋರಿಸಿ ಅಂದೆ, ಬೇಸರ ಮಾಡದೆ ತೋರಿಸಿದರು. ಕನ್ನಡದಲ್ಲಿ ಮಕ್ಕಳೇ ಸ್ವಂತವಾಗಿ ನಾಲ್ಕು ಸಾಲು ಬರೆದಿದ್ದರು. ಟೀಚರ್ ತಿದ್ದಿದ್ದರು. ಅಷ್ಟು ಸಾಕಾಯಿತು ನನಗೆ. ಫೀ 18,000, ಪುಸ್ತಕ ಬಟ್ಟೆ 5,000. ವ್ಯಾನ್ ಖರ್ಚೇ ಇಲ್ಲ. 2024ರಲ್ಲಿ ಮಗಳು ಒಂದನೇ ತರಗತಿಗೆ ಸೇರಿದಳು. ಹೊಸ ಜಾಗ ಅಂತ ಎರಡು ವಾರ ಅತ್ತಳು. ನನಗೂ ಸಂಕಟವಾಯಿತು. ಆಮೇಲೆ ಹೊಂದಿಕೊಂಡಳು. ಮಗ 2025ರಲ್ಲಿ ಅಲ್ಲೇ ಎಲ್‌ಕೆಜಿಗೆ ಸೇರಿದ.

ಫೀ ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆ, ಉಳಿದದ್ದು ಬೇರೆ ಬರೆದುಕೊಡಿ ಅಂತ ಕೇಳುತ್ತೇನೆ. ನಮಗೆ ಆದಾಯ ತೆರಿಗೆ ಬರುವುದಿಲ್ಲ, ಆದರೆ ಕಟ್ಟುವವರಿಗೆ ಇದು ಬೇಕಾಗುತ್ತದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಒಟ್ಟು 1.5 ಲಕ್ಷದ ಮಿತಿಯೊಳಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ. ಡೊನೇಷನ್‌ಗೆ, ವ್ಯಾನ್‌ಗೆ ಇಲ್ಲ.

ದುಡ್ಡಿನ ವಿಷಯದಲ್ಲಿ ನಮ್ಮ ಕಷ್ಟವೆಲ್ಲ ತಿಂಗಳಿನದು. ಶಾಲೆ ಶುರುವಾದ ಬೆನ್ನಿಗೇ ಆಷಾಢ ಬರುತ್ತದೆ, ಮದುವೆ ಇಲ್ಲ, ನನಗೆ ಕೆಲಸವಿಲ್ಲ. ಅದಕ್ಕೆ ಬ್ಯಾಂಕಿನಲ್ಲಿ 12 ತಿಂಗಳ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ) ಮಾಡಿದೆ, ಮೇ ಕೊನೆಗೆ ಕೈಗೆ ಬರುವ ಹಾಗೆ. ತಿಂಗಳಿಗೆ 2,000. ಫೀಯನ್ನು ಕಂತಿನಲ್ಲಿ ಕಟ್ಟುತ್ತೇವೆ ಅಂತ ಸೇರಿಸುವ ದಿನವೇ ಹೆಡ್‌ಮಿಸ್ ಹತ್ತಿರ ಕೇಳಿದೆ. ಜೂನ್, ಸೆಪ್ಟೆಂಬರ್, ಡಿಸೆಂಬರ್ ಅಂತ ಬರೆದುಕೊಟ್ಟರು. ಕೇಳಲು ನಾಚಿಕೆ ಪಡಬೇಡಿ, ಎಷ್ಟೋ ಶಾಲೆಗಳು ಒಪ್ಪುತ್ತವೆ.

ಆರ್‌ಡಿಗೆ ದುಡ್ಡು ಎಲ್ಲಿಂದ ಅಂದರೆ, ಅತ್ತೆಯಿಂದ. ನಮ್ಮ ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅವರೇ. ಗೃಹಲಕ್ಷ್ಮಿಯ 2,000 ಅವರ ಖಾತೆಗೇ ಬರುತ್ತದೆ. ನಾನು ಕೇಳಿರಲಿಲ್ಲ. ಮಗಳು ಒಂದು ದಿನ ಅವರ ಮಾತ್ರೆ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದಳು, ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಅಂತ. ಮರುದಿನ ಅತ್ತೆ ಪಾಸ್‌ಬುಕ್ ತಂದು ನನ್ನ ಮಷಿನ್ ಮೇಲೆ ಇಟ್ಟು, "ಇದನ್ನ ಇಬ್ಬರ ಫೀಗೂ ಹಾಕ್ಕೋ" ಅಂದರು. ಆ ದುಡ್ಡು ಕೆಲವು ಸಲ ತಡವಾಗಿ ಬರುತ್ತದೆ. ಆ ತಿಂಗಳು ನಾನು ಹೊಲಿಗೆ ದುಡ್ಡಿನಿಂದ ತುಂಬುತ್ತೇನೆ.

ಈ ಸಲ ಮೊದಲ ಕಂತು ಆರ್‌ಡಿಯಲ್ಲೇ ಮುಗಿಯಿತು. ಎರಡನೆಯದು ಸೆಪ್ಟೆಂಬರ್‌ಗೆ. ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್‌ಗಳು ಈಗಾಗಲೇ ಬರುತ್ತಿವೆ.